ಎರಡನೇ ನಂಬ್ರದ ಮಾವ

ನಮ್ಮ ಮನೆಯಲ್ಲಿ ಸಾಮಾನಿನ ಚೀಟಿಯನ್ನು ಬಿಳಿ ಹಾಳೆಯಲ್ಲಿ ಬರೆಯುವ ಕ್ರಮ ಇಲ್ಲ. ಮುಗಿದುಹೋದ ಸಮಾರಂಭಗಳ ಆಮಂತ್ರಣ ಪತ್ರಿಕೆಗಳು ಕಪಾಟಿನ ತುಂಬ ಇರುವಾಗ, ಅವುಗಳ ಬೆನ್ನು ಖಾಲಿ ಇರುವಾಗ, ಹೊಸ ಹಾಳೆ ಯಾಕೆ ಹಾಳುಮಾಡಬೇಕು? ಮೊನ್ನೆ ಹಾಗೆಯೇ ಒಂದು ಪತ್ರಿಕೆಯ ಹಿಂದೆ ಕೊತ್ತಂಬರಿ, ಮೆಂತೆ, ಬೆಲ್ಲ ಎಂದು ಬರೆದುಕೊಂಡು ಮೂಸಾಕನ ಅಂಗಡಿಗೆ ಹೋದೆ. ಮೂಸಾಕ ಚೀಟಿಯನ್ನು ಓದಿದರು, ಮಗುಚಿದರು, ಇನ್ನೊಮ್ಮೆ ಮಗುಚಿದರು. ಆಮೇಲೆ ತಕ್ಕಡಿಯನ್ನು ಬದಿಗಿಟ್ಟು ನಗಲಿಕ್ಕೆ ಶುರುಮಾಡಿದರು.

"ಸುಜಾತಕ್ಕ, ಇದು ಆ ಪತ್ರಿಕೆ ಅಲ್ವಾ ಮಾರಾಯ್ತಿ? ನಾನು ಎರಡನೆಯವ ಆದದ್ದು?"

ಹೌದು, ಅದೇ ಪತ್ರಿಕೆ. ನಾನೂ ನಕ್ಕೆ. ಈಗ ನಗಬಹುದು. ಆಗ ಒಂಬತ್ತು ದಿನ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ನನಗೆ ವೇಣೂರಿನ ಬಸ್ ಸ್ಟ್ಯಾಂಡಿನ ಎದುರು ಒಂದು ಡಿ.ಟಿ.ಪಿ. ಅಂಗಡಿ ಉಂಟು. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಂದು ಲ್ಯಾಮಿನೇಷನ್ ಮೆಷಿನ್, ಎರಡು ಕುರ್ಚಿ, ಬಸ್ಸಿಗೆ ಕಾಯುವವರು ಬಂದು ಕೂರುವ ಒಂದು ಬೆಂಚು. ಪಹಣಿ, ಆಧಾರ್, ಮಕ್ಕಳ ಪ್ರಾಜೆಕ್ಟ್ ಎಲ್ಲ ಬರುತ್ತದೆ. ಆದರೆ ಅಂಗಡಿ ನಿಂತಿರುವುದು ಆಮಂತ್ರಣ ಪತ್ರಿಕೆಗಳ ಮೇಲೆ. ನಾನು ಇಲ್ಲಿ ಅಕ್ಷರ ಜೋಡಿಸುತ್ತೇನೆ, ಪ್ರಿಂಟ್ ಆಗುವುದು ಮೂಡುಬಿದಿರೆಯಲ್ಲಿ.

ನೀವು ಈ ಕಡೆಯವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಡುವೆ ಎಲ್ಲಿಯ ಪತ್ರಿಕೆಯನ್ನಾದರೂ ಬಿಡಿಸಿ ನೋಡಿ. ಏನು ಕಾರ್ಯಕ್ರಮ, ಯಾವಾಗ, ಎಲ್ಲಿ ಎಂಬುದು ನಾಲ್ಕು ಸಾಲು. ಉಳಿದದ್ದೆಲ್ಲ ಹೆಸರು. ಅಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಸಲಹೆಗಾರರು, ಸದಸ್ಯರು, ಸರ್ವಸದಸ್ಯರು. ಪತ್ರಿಕೆ ಕೈಗೆ ಬಂದವರು ಮೊದಲು ತಮ್ಮ ಹೆಸರು ಹುಡುಕುತ್ತಾರೆ. ಸಿಕ್ಕಿದ ಮೇಲೆ ತಮ್ಮ ಮೇಲೆ ಯಾರಿದ್ದಾರೆ ಎಂದು ನೋಡುತ್ತಾರೆ. ಆ ಮೇಲೆ, ಮನಸ್ಸು ಸರಿ ಇದ್ದರೆ, ಕಾರ್ಯಕ್ರಮ ಯಾವ ದಿನ ಎಂದು ನೋಡುತ್ತಾರೆ.

ನನ್ನ ಮದುವೆಯ ಪತ್ರಿಕೆಯಲ್ಲಿ ನನ್ನ ದೊಡ್ಡತ್ತೆಯ ಗಂಡನ ಹೆಸರು ಅವರ ತಮ್ಮನ ಹೆಸರಿನ ಕೆಳಗೆ ಬಿದ್ದಿತ್ತು. ಅವರು ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ನಿಲ್ಲದೆ ಹೋದರು. ಇಂದಿಗೂ ನಾನು ಎದುರು ಸಿಕ್ಕಿದರೆ ಪಕ್ಕದಲ್ಲಿರುವ ತೆಂಗಿನಮರದ ತುದಿ ನೋಡುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ನಮ್ಮ ತಾಲೂಕಿನ ಅದೆಷ್ಟು ತೆಂಗಿನಮರಗಳನ್ನು ನೋಡಿದರೋ ಏನೋ. ಮರ ಇಲ್ಲದ ಜಾಗದಲ್ಲಿ ಸಿಕ್ಕಿದರೆ ವಿದ್ಯುತ್ ಕಂಬವಾದರೂ ಆಗುತ್ತದೆ.

ನನಗೆ ಮಾತ್ರ ಈ ಹಿಂದೆ ಮುಂದೆಯ ಚಿಂತೆ ಯಾವತ್ತೂ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಅಜ್ಜಿ. ನಾರಾವಿಯ ಮನೆಯಲ್ಲಿ ನಾವು ಏಳು ಮಂದಿ ಮೊಮ್ಮಕ್ಕಳು. ಅಜ್ಜಿಗೆ ಯಾರನ್ನು ಕರೆಯಬೇಕಾದರೂ ಮೊದಲನೆಯ ಹೆಸರಿನಿಂದಲೇ ಶುರುಮಾಡಬೇಕಿತ್ತು. "ಸುರೇಶಾ... ವಿಮಲಾ... ಟಾಮಿ... ಸುಜಾತಾ!" ಟಾಮಿ ನಮ್ಮ ನಾಯಿ. ಹೌದು, ನಾನು ನಾಯಿಯ ನಂತರ. ನನ್ನ ಹೆಸರು ಬಾಯಿಗೆ ಬರುವಷ್ಟರಲ್ಲಿ ಟಾಮಿ ಬಾಲ ಅಲ್ಲಾಡಿಸುತ್ತ ಅಜ್ಜಿಯ ಎದುರು ಹಾಜರಿರುತ್ತಿತ್ತು. ಒಂದು ದಿನ ಸಿಟ್ಟುಬಂದು, ಟಾಮಿ ನನಗಿಂತ ಮೊದಲು ಯಾಕೆ ಎಂದು ಕೇಳಿದೆ. ಅಜ್ಜಿ ಹಲಸಿನ ತೊಳೆ ಬಿಡಿಸುತ್ತ, "ಅದು ಕರೆದ ಕೂಡಲೇ ಬರ್ತದೆ" ಎಂದರು.

ಇರಲಿ, ಪತ್ರಿಕೆಯ ವಿಷಯಕ್ಕೆ ಬರುತ್ತೇನೆ.

ನಮ್ಮೂರಿನ ಶಾಲೆಗೆ ಹೊಸ ಕಟ್ಟಡ ಆಯಿತು. ಅದಕ್ಕಾಗಿ ಅರ್ಜಿ ಬರೆದು ಬರೆದು ಬೆರಳು ಸವೆಸಿದವರು ನನ್ನ ಮಾವ. ಅದೇ ಶಾಲೆಯಲ್ಲಿ ಮಾಸ್ಟ್ರಾಗಿ, ಹೆಡ್‌ಮಾಸ್ಟ್ರಾಗಿ ನಿವೃತ್ತರಾದವರು. ಈಗ ಎಂಬತ್ತೆರಡು ವರ್ಷ. ಊರಿನ ಮುಕ್ಕಾಲು ಪಾಲು ಜನ ಅವರ ಕೈಯಲ್ಲಿ ಮಗ್ಗಿ ಕಲಿತವರು. ನನ್ನ ಗಂಡ ದೋಹಾದಲ್ಲಿ ಹೋಟೆಲಿನ ಕೆಲಸದಲ್ಲಿದ್ದಾರೆ, ಮನೆಯಲ್ಲಿ ನಾನು ಮತ್ತು ಮಾವ. ಸೊಸೆ ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ಇಡುವುದಾ ಎಂದು ನೆಂಟರೆಲ್ಲ ಮೂಗು ಮುರಿದಾಗ, "ಅವಳಿಗೆ ವಿದ್ಯೆ ಉಂಟು, ನಿಮಗೆ ಮೂಗು ಉಂಟು" ಎಂದು ಎಲ್ಲರ ಬಾಯಿ ಮುಚ್ಚಿಸಿದವರು ಮಾವನೇ. ಅಂಗಡಿಯ ಬೋರ್ಡ್ ಬರೆಸುವಾಗ ಪೈಂಟರನ ಏಣಿಯ ಕೆಳಗೆ ನಿಂತು ಒಂದೊಂದು ಒತ್ತಕ್ಷರ ನೋಡಿದವರು. ನಾನು ಅವರನ್ನು ಅಪ್ಪನಿಗಿಂತ ಹೆಚ್ಚು ಪ್ರೀತಿಸುತ್ತೇನೆ. ಅಪ್ಪ ಇದನ್ನು ಓದಬಾರದು, ಅಷ್ಟೆ.

ಪತ್ರಿಕೆಯಲ್ಲಿ ಯಾರ ಹೆಸರು ಎಷ್ಟನೆಯದು ಎಂದು ತೀರ್ಮಾನಿಸಲು ಮೂರು ಸಭೆಗಳಾದವು. ಒಂದನೇ ನಂಬ್ರ ಸಮಿತಿಯ ಅಧ್ಯಕ್ಷ ಪದ್ಮರಾಜಣ್ಣನದು. ಎರಡನೇ ನಂಬ್ರ ಮಾವನದು, ಅದರಲ್ಲಿ ಯಾರಿಗೂ ತಕರಾರಿಲ್ಲ. ಮೂರರಿಂದ ತಕರಾರು ಶುರು. ಹತ್ತನೇ ನಂಬ್ರ ಮೂಸಾಕನಿಗೆ ಸಿಕ್ಕಿತು. ನೂರರ ಆಸುಪಾಸಿನಿಂದ ಕೊನೆಯವರೆಗೆ ಕೆಲಸದವರು: ಬಿಸಿಯೂಟದ ಅಡುಗೆಯವರು, ಚಪ್ಪರದವರು, ನೀರಿನ ಟ್ಯಾಂಕರಿನವರು, ಜನರೇಟರಿನವರು. ಯಾರ ಹೆಸರೂ ಬಿಟ್ಟುಹೋಯಿತು ಎಂದಾಗಬಾರದಲ್ಲ, ಅದಕ್ಕೆ.

ಮೂರನೇ ಸಭೆಯಲ್ಲಿ ಮೈಕಿನ ಉದಯ ಎದ್ದು ನಿಂತ. ಅವನಿಗೆ ನೂರನೇ ನಂಬ್ರ ಬಿದ್ದಿತ್ತು.

"ಮೂರು ಅಂಕೆಯ ನಂಬ್ರ ನನಗೆ ಬೇಡ. ಮೈಕ್ ಇಲ್ಲದಿದ್ರೆ ನಿಮ್ಮ ಒಂದನೇ ನಂಬ್ರದವರ ಭಾಷಣ ಯಾರಿಗೆ ಕೇಳ್ತದೆ ಮಾರ್ರೆ?"

ಅವನು ಹೇಳುವುದರಲ್ಲಿ ಹುರುಳಿತ್ತು. ಅವನಿಗೆ ತೊಂಬತ್ತೊಂಬತ್ತು ಕೊಟ್ಟು, ತೊಂಬತ್ತೊಂಬತ್ತರಲ್ಲಿದ್ದ ಅಡುಗೆಯ ಗುಲಾಬಿಯನ್ನು ನೂರಕ್ಕೆ ಇಳಿಸಿದರು. ಗುಲಾಬಿ ಆಗ ಅದೇ ಸಭೆಗೆ ಚಹಾ ಕೊಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಈ ಹೆಸರುಗಳನ್ನೆಲ್ಲ ನಾನು ಡೇಟಾಬೇಸಿನಲ್ಲಿ ಹಾಕಿದೆ. ಬಿ.ಸಿ.ರೋಡಿಗೆ ಬಸ್ಸಿನಲ್ಲಿ ಹೋಗಿ ಬಂದು ಮೂರು ತಿಂಗಳು ಕಲಿತ ವಿದ್ಯೆ ಅದು. ಪ್ರತಿ ಹೆಸರಿನ ಎದುರು ನಂಬ್ರ, ಮನೆ, ಊರು. ನಂಬ್ರದ ಪ್ರಕಾರ ಹೆಸರು ಕೊಡು ಎಂದರೆ ಸಾಲಾಗಿ ಕೊಡುತ್ತದೆ. ಅಲ್ಲಿಂದ ನಂಬ್ರ ಬಿಟ್ಟು ಹೆಸರು ಮಾತ್ರ ತೆಗೆದು ಪತ್ರಿಕೆಗೆ ಹಾಕಿದರೆ ಮುಗಿಯಿತು, ಮತ್ತೆ ಶಾಲು ಹೊದಿಸುವ ಪಟ್ಟಿಗೂ ಅದೇ ಸಾಕು. ಮೊದಲ ಪ್ರೂಫ್ ಅಚ್ಚುಕಟ್ಟಾಗಿ ಬಂತು. ಮಾವ ಭೂತಗನ್ನಡಿ ಹಿಡಿದು ನೋಡಿ ಮೂರು ತಪ್ಪು ತಿದ್ದಿದರು. ಎರಡನೇ ಸಾಲಿನಲ್ಲಿ ತಮ್ಮ ಹೆಸರಿನ ಹತ್ತಿರ ಭೂತಗನ್ನಡಿ ಸ್ವಲ್ಪ ಹೆಚ್ಚು ಹೊತ್ತು ನಿಂತದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಮರುದಿನವೇ ಮೂಡುಬಿದಿರೆಗೆ ಹೋಗಿ ಬಿಳಿ ಅಂಗಿ ಹೊಲಿಯಲು ಕೊಟ್ಟು ಬಂದರು.

ಪ್ರೆಸ್ಸಿಗೆ ಕಳುಹಿಸುವ ದಿನ ಪದ್ಮರಾಜಣ್ಣನ ಫೋನ್ ಬಂತು. ಏಳನೇ ನಂಬ್ರದವರ ತಮ್ಮ, ತನ್ನ ಹೆಸರು ಬಿಟ್ಟುಹೋಗಿದೆ ಎಂದು ಮುನಿಸಿಕೊಂಡಿದ್ದಾರಂತೆ. ಅಣ್ಣ ವಯಸ್ಸಿನಲ್ಲಿ ದೊಡ್ಡವರು, ತಮ್ಮ ಪಂಚಾಯತಿನಲ್ಲಿ. ಅವರನ್ನು ಅಣ್ಣನ ಮೇಲೆ ಹಾಕುವ ಹಾಗಿಲ್ಲ, ಎಂಟಕ್ಕೆ ಇಳಿಸುವ ಹಾಗೂ ಇಲ್ಲ.

"ಏಳು ಎ ಅಂತ ಮಾಡುವ ಸುಜಾತ. ಆಗ್ತದಲ್ಲ?"

ಆಗುತ್ತದೆ ಎಂದೆ. ಆದರೆ ಕಂಪ್ಯೂಟರ್ ಕೇಳಲಿಲ್ಲ. ನಂಬ್ರ ಹಾಕುವ ಜಾಗದಲ್ಲಿ ಅಕ್ಷರ ಹಾಕುವಂತಿಲ್ಲ ಎಂದಿತು. ನಾನು ಆ ಜಾಗವನ್ನು ನಂಬ್ರದಿಂದ ಅಕ್ಷರಕ್ಕೆ ಬದಲಾಯಿಸಿದೆ. ಒಪ್ಪಿತು. ಏಳು ಎ ಹಾಕಿದೆ, ಪಟ್ಟಿ ತೆಗೆದೆ, ಪತ್ರಿಕೆಗೆ ಸೇರಿಸಿದೆ. ಹೊರಗೆ ಮೂಡುಬಿದಿರೆಯ ಬಸ್ಸು ಹಾರ್ನ್ ಹಾಕುತ್ತಿತ್ತು. ಪೆನ್‌ಡ್ರೈವನ್ನು ಕಂಡಕ್ಟರನ ಕೈಗೆ ಕೊಟ್ಟು ಬಂದೆ. ಪಟ್ಟಿಯ ತಲೆ ನೋಡಲಿಲ್ಲ. ನೋಡಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಆದದ್ದು ಇಷ್ಟು. ನಂಬ್ರವನ್ನು ನಂಬ್ರ ಎಂದು ಹೇಳದಿದ್ದರೆ ಕಂಪ್ಯೂಟರ್ ಅದನ್ನು ಪದದಂತೆ ಓದುತ್ತದೆ. ನಿಘಂಟಿನಲ್ಲಿ ಮೊದಲ ಅಕ್ಷರ ನೋಡಿ, ಆಮೇಲೆ ಎರಡನೆಯದು ನೋಡುತ್ತೇವಲ್ಲ, ಹಾಗೆ. ಒಂದು ಎಂಬ ಅಂಕೆಯಿಂದ ಶುರುವಾಗುವುದೆಲ್ಲ ಮುಗಿಯದೆ ಎರಡಕ್ಕೆ ಜಾಗ ಇಲ್ಲ. ಒಂದಾದ ಮೇಲೆ ಹತ್ತು, ಹತ್ತಾದ ಮೇಲೆ ನೂರು, ನೂರಾಒಂದು, ನೂರಾಎರಡು, ಹೀಗೆ ನೂರಾಒಂಬತ್ತರವರೆಗೆ. ಆಮೇಲೆ ಹನ್ನೊಂದು, ಮತ್ತೆ ನೂರಾಹತ್ತು ಮೊದಲಾದವು, ಹನ್ನೆರಡು, ಹದಿಮೂರು. ಹತ್ತೊಂಬತ್ತೂ ಮುಗಿದ ಮೇಲೆ, ಇಪ್ಪತ್ತೈದನೇ ಸ್ಥಾನದಲ್ಲಿ, ಎರಡು. ಅಂದರೆ ನನ್ನ ಮಾವ.

ಏಳು ಎ ಎಲ್ಲಿ ಎಂದು ಕೇಳುತ್ತೀರಾ? ಎಪ್ಪತ್ತೊಂಬತ್ತರ ಕೆಳಗೆ. ಅಣ್ಣತಮ್ಮಂದಿರ ನಡುವೆ ಈಗ ಹತ್ತು ಜನ. ಇಬ್ಬರೂ ಅದರಿಂದ ಸಂತೋಷವಾಗಿಯೇ ಇದ್ದರು.

ಸಮಿತಿಯವರಾದರೂ ಪತ್ರಿಕೆ ನೋಡಿ ತಡೆಯಬಹುದಿತ್ತಲ್ಲ ಎಂದರೆ, ನಮ್ಮೂರಿನಲ್ಲಿ ಪತ್ರಿಕೆ ಹಂಚುವ ಕ್ರಮವೇ ಬೇರೆ. ಪ್ರೆಸ್ಸಿನಿಂದ ಬಂದ ಕಟ್ಟು ಅಧ್ಯಕ್ಷರ ಮನೆಗೆ ಹೋಗುವುದಿಲ್ಲ, ಬಸ್ಸಿನಿಂದ ಇಳಿದದ್ದೇ ಹಂಚುವವರ ಕೈಗೆ ಹೋಗುತ್ತದೆ. ಹಂಚುವವರು ಯಾರು? ನೂರರಿಂದ ನೂರಾಒಂಬತ್ತರವರೆಗಿನವರು. ಗುಲಾಬಿ ಕಟ್ಟು ಬಿಚ್ಚಿದಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಪದ್ಮರಾಜಣ್ಣ, ಮೂಸಾಕ, ಮೂರನೆಯದು ಗುಲಾಬಿ. ಆ ದಿನ ಆ ಹತ್ತು ಜನ ಪತ್ರಿಕೆ ಹಂಚಿದಷ್ಟು ಚುರುಕಾಗಿ ನಮ್ಮೂರಿನಲ್ಲಿ ಈವರೆಗೆ ಯಾರೂ ಯಾವುದನ್ನೂ ಹಂಚಿಲ್ಲ. ಸಂಜೆಯೊಳಗೆ ವೇಣೂರಿನಲ್ಲಿ ಮುಗಿಸಿ ಕಕ್ಕಿಂಜೆಯ ನೆಂಟರವರೆಗೆ ಮುಟ್ಟಿಸಿದ್ದರು.

ನಮ್ಮ ಮನೆಗೆ ಪತ್ರಿಕೆ ತಂದವಳೂ ಗುಲಾಬಿಯೇ. ಮಾವ ಭೂತಗನ್ನಡಿ ತಂದರು. ಎರಡನೇ ಸಾಲು ನೋಡಿದರು. ಗಾಜನ್ನು ಪಂಚೆಯ ತುದಿಯಿಂದ ಒರೆಸಿ ಪುನಃ ನೋಡಿದರು. ಆಮೇಲೆ ಬೆರಳನ್ನು ನಿಧಾನವಾಗಿ ಕೆಳಕ್ಕೆ ಜಾರಿಸುತ್ತ ಹೋದರು. ಬೆರಳು ನಿಂತದ್ದು ಎಲ್ಲಿ ಎಂದು ನನಗೆ ಕಾಣುತ್ತಿತ್ತು. ಪತ್ರಿಕೆಯನ್ನು ಮಡಚಿಟ್ಟು, "ಪ್ರೂಫ್ ನಾನೇ ನೋಡಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಬಳಿಕ ನನ್ನ ಹತ್ತಿರ ಮಾತಿಲ್ಲ. ಮಾತು ಬೇಕಾದರೆ ನಮ್ಮ ಬೆಕ್ಕಿನ ಮೂಲಕ. "ಪುಚ್ಚೆ, ಸ್ನಾನಕ್ಕೆ ನೀರು ಕಾದಿದೆಯಾ ಅಂತ ಕೇಳು." ಪುಚ್ಚೆ ನನ್ನ ಮುಖ ನೋಡುತ್ತಿತ್ತು. ನಾನು, "ಪುಚ್ಚೆ, ಕಾದಿದೆ ಅಂತ ಹೇಳು" ಎನ್ನುತ್ತಿದ್ದೆ. ಎರಡು ದಿನದಲ್ಲಿ ಆ ಬೆಕ್ಕಿಗೆ ಎಷ್ಟು ಸೊಕ್ಕು ಬಂತೆಂದರೆ, ಮೀನು ಕೊಡದೆ ಪಡಸಾಲೆಗೇ ಬರುತ್ತಿರಲಿಲ್ಲ. ಮೂರನೆಯ ದಿನ ಅದರ ಮೂಲಕ ಬಂದ ಸುದ್ದಿ: "ಪುಚ್ಚೆ, ಉದ್ಘಾಟನೆಗೆ ನಾನು ಹೋಗುವುದಿಲ್ಲ. ಅಂಗಿ ತರುವ ಅಗತ್ಯ ಇಲ್ಲ."

ನಾನು ಅಂಗಳಕ್ಕೆ ಹೋಗಿ ಅತ್ತುಬಿಟ್ಟೆ. ಕಟ್ಟಡ ಅವರದ್ದು. ಅವರೇ ಹೋಗದಿದ್ದರೆ ಅದು ಯಾರ ಉದ್ಘಾಟನೆ? ಅವರು ಹೋಗಬೇಕು, ನನ್ನ ಹತ್ತಿರ ಮೊದಲಿನ ಹಾಗೆ ಮಾತಾಡಬೇಕು. ಉಳಿದ ನೂರಾಹನ್ನೆರಡು ಮಂದಿಯ ಮಾನ ಏನಾದರೂ ಆಗಲಿ ಎಂದು ಅನಿಸಿತು.

ಒಮ್ಮೆ ಧೈರ್ಯ ಮಾಡಿ ಕಾಗದದ ಚೂರುಗಳಲ್ಲಿ ನಂಬ್ರ ಬರೆದು, ಅವರ ಈಸಿಚೇರಿನ ಎದುರು ನೆಲದ ಮೇಲೆ ಹರಡಿ, ಕಂಪ್ಯೂಟರ್ ಹೇಗೆ ಸಾಲು ಮಾಡುತ್ತದೆ ಎಂದು ಪುಚ್ಚೆಗೆ ವಿವರಿಸಿದೆ. ಮಾವ ಪೇಪರ್ ಅಡ್ಡ ಹಿಡಿದಿದ್ದರೂ ಅದರ ಮೇಲಿನಿಂದ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ, "ಪುಚ್ಚೆ, ಇದನ್ನು ಕಲಿಯಲಿಕ್ಕೆ ಬಿ.ಸಿ.ರೋಡಿಗೆ ಹೋಗಬೇಕಿತ್ತಾ?" ಎಂದು ಪೇಪರ್ ಮಗುಚಿದರು.

ಈ ನಡುವೆ ವಿವರಣೆ ಊರಿಡೀ ಹಬ್ಬಿತು. ಅಲ್ಲಿಯವರೆಗೆ ಸಮಿತಿಯ ಪುಸ್ತಕದಲ್ಲಿ ಗುಟ್ಟಾಗಿದ್ದ ನಂಬ್ರಗಳು ಬಸ್ಸಿನಲ್ಲಿ ಚರ್ಚೆಗೆ ಬಂದವು. ಎಲ್ಲರಿಗೂ ಅವರವರ ನಂಬ್ರ ಗೊತ್ತಾಯಿತು. ಮೂವತ್ತೆಂಟನೆಯವರೊಬ್ಬರು ನನ್ನ ಬೆಂಚಿನಲ್ಲಿ ಕೂತು, "ಮುಂದಿನ ಸಲ ನನಗೆ ಸಾವಿರ ಕೊಡುವ ವ್ಯವಸ್ಥೆ ಉಂಟಾ?" ಎಂದು ಕೇಳಿದರು. ಉದಯನ ಸ್ಥಿತಿ ಎಲ್ಲರಿಗಿಂತ ಕಷ್ಟ. ತೊಂಬತ್ತೊಂಬತ್ತು ಎಂದರೆ ಈ ಲೆಕ್ಕದಲ್ಲಿ ಕಟ್ಟಕಡೆಯದು, ಅವನ ಹೆಸರಿನ ಕೆಳಗೆ ಪ್ರೆಸ್ಸಿನ ಹೆಸರು ಮಾತ್ರ ಇತ್ತು. ಅವನು ಅಂಗಡಿಗೆ ಬಂದು ಜೆರಾಕ್ಸ್ ಮೆಷಿನಿಗೆ ತಲೆ ಒರಗಿಸಿ ನಿಂತ.

"ನಾನೇ ಕೇಳಿ ತೆಗೊಂಡದ್ದಲ್ವಾ ಅಕ್ಕ. ಬಾಯಿ ಮುಚ್ಚಿ ನೂರಲ್ಲೇ ಕೂತಿದ್ರೆ ಈಗ ಸ್ಟೇಜಿನಲ್ಲಿ ಇರ್ತಿದ್ದೆ."

ಸ್ಟೇಜಿನ ವಿಷಯ ಹೇಳಲು ಮರೆತೆ. ನಮ್ಮಲ್ಲಿ ಪತ್ರಿಕೆಯ ಮೊದಲ ಹೆಸರುಗಳಿಗೆ ವೇದಿಕೆಯಲ್ಲಿ ಕುರ್ಚಿ. ಶಾಲೆಯ ವೇದಿಕೆಯಲ್ಲಿ ಹಿಡಿಯುವುದು ಹನ್ನೆರಡು ಕುರ್ಚಿ. ಪದ್ಮರಾಜಣ್ಣ ಒಂದು, ಮೂಸಾಕ ಎರಡು, ಮತ್ತೆ ನೂರರಿಂದ ನೂರಾಒಂಬತ್ತು. ಲೆಕ್ಕ ಮಾಡಿ ನೋಡಿ, ಸರಿಯಾಗಿ ಹನ್ನೆರಡು. ನಾನು ಬೇಕೆಂದೇ ಮಾಡಲು ಹೊರಟಿದ್ದರೂ ಇಷ್ಟು ಚಂದ ಕೂಡಿಬರುತ್ತಿರಲಿಲ್ಲ.

ಸಮಿತಿ ತುರ್ತು ಸಭೆ ಸೇರಿತು. ನಾನೇ ಪುನಃ ಪ್ರಿಂಟ್ ಮಾಡಿಸಿ ಕೊಡುತ್ತೇನೆ ಎಂದು ಕೈಮುಗಿದೆ. ಪದ್ಮರಾಜಣ್ಣ ಹಣೆ ಉಜ್ಜಿಕೊಂಡರು.

"ಪ್ರಿಂಟ್ ಮಾಡುದು ದೊಡ್ಡ ಸಂಗತಿ ಅಲ್ಲ ಸುಜಾತ. ನೀನು ಮೂರನೆಯವಳಲ್ಲ, ನೂರನೆಯವಳು ಅಂತ ಗುಲಾಬಿಗೆ ಹೋಗಿ ಯಾರು ಹೇಳುದು? ಅನ್ನ ಬೇಯಿಸುದು ಅವಳು. ಚಪ್ಪರ ಹಾಕುದು ನೂರಾಒಂದನೆಯವ. ನೀರು, ಜನರೇಟರ್, ಬಾಳೆಎಲೆ, ಎಲ್ಲ ಆ ಹತ್ತು ಜನರ ಕೈಯಲ್ಲಿ ಉಂಟು. ಅವರು ಬೇಸರ ಮಾಡಿಕೊಂಡ್ರೆ ನಾವು ಒಂದರಿಂದ ಒಂಬತ್ತರವರು ಖಾಲಿ ಮೈದಾನದಲ್ಲಿ ಉದ್ಘಾಟನೆ ಮಾಡುವುದಾ?"

ಮೂಸಾಕ ಎದ್ದು, "ನನ್ನನ್ನಾದರೂ ಕೆಳಗೆ ಇಳಿಸಿ ಮಾರ್ರೆ. ಮಾಸ್ಟ್ರ ಜಾಗದಲ್ಲಿ ಕೂರಲಿಕ್ಕೆ ನನಗೆ ನಡುಕ ಬರ್ತದೆ" ಎಂದರು. ಒಬ್ಬರನ್ನು ಇಳಿಸಿದರೆ ಪ್ರಶ್ನೆ ಹುಟ್ಟುತ್ತದೆ ಎಂದು ಅದನ್ನೂ ಒಪ್ಪಲಿಲ್ಲ. ಕೊನೆಗೆ ಎಲ್ಲರ ಕಣ್ಣು ನನ್ನ ಮೇಲೆ ಬಂದು ನಿಂತಿತು. ತಪ್ಪು ಮಾಡಿದವಳು ನಾನು, ಗುಲಾಬಿಗೆ ನಾನೇ ಹೇಳಬೇಕು.

ನಾನು ಹೋಗುವ ಮೊದಲೇ ಅವಳು ಬಂದಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಮೆಟ್ಟಿಲಿನಲ್ಲಿ ಕೂತಿದ್ದಳು. ಸೆರಗಿನೊಳಗಿಂದ ಪತ್ರಿಕೆ ತೆಗೆದು ಮೇಜಿನ ಮೇಲೆ ಇಟ್ಟಳು.

"ಅಕ್ಕ, ಇದಕ್ಕೆ ಪ್ಲಾಸ್ಟಿಕ್ ಹಾಕಿ ಕೊಡಿ. ಮನೆಯಲ್ಲಿ ಹೊಗೆ, ಗೋಡೆಯಲ್ಲಿ ಇಟ್ಟರೆ ಮಸಿ ಹಿಡಿತದೆ."

"ಗುಲಾಬಿ, ಒಂದು ಮಾತು ಹೇಳ್ಬೇಕಿತ್ತು..."

"ತಪ್ಪಾಗಿ ಬಂದದ್ದು ಅಂತ ಅಲ್ವಾ? ಗೊತ್ತುಂಟು. ಬಸ್ಸಿನಲ್ಲಿ ಎಲ್ಲ ಮಾತಾಡ್ತಾರೆ." ಅವಳು ನಕ್ಕಳು. "ಬಂದದ್ದು ಹೌದಲ್ಲ ಅಕ್ಕ. ತಪ್ಪಾಗಿಯಾದ್ರೂ."

ನಾನು ಲ್ಯಾಮಿನೇಷನ್ ಮೆಷಿನ್ ಹಾಕಿದೆ. ಅದು ಬಿಸಿಯಾಗುವುದನ್ನು ಕಾಯುತ್ತ ಬೆಂಚಿನಲ್ಲಿ ಕೂತೆವು. ಅವಳು ಕೇಳಿದಳು, "ಮಾಸ್ಟ್ರು ಬರ್ತಾರಾ?"

ಬರುವುದಿಲ್ಲವಂತೆ ಎಂದೆ. ಗುಲಾಬಿಯ ಮುಖ ಸಣ್ಣದಾಯಿತು. "ಅವರು ಬರ್ಬೇಕಿತ್ತು" ಎಂದು ಬಿಸಿಬಿಸಿ ಪತ್ರಿಕೆಯನ್ನು ಎದೆಗೊತ್ತಿಕೊಂಡು ಹೋದಳು. ಅದಾದ ಮೇಲೆ ಚಪ್ಪರದವರು ಬಂದರು, ನೀರಿನವರು ಬಂದರು, ಎರಡು ದಿನಗಳಲ್ಲಿ ಹತ್ತೂ ಜನ ಬಂದುಹೋದರು. ನನ್ನ ಒಂದೇ ತಪ್ಪಿಗೆ ನಾನೇ ಹತ್ತು ಸಲ, ಮಳೆ ಗಾಳಿಗೆ ಕೆಡದ ಹಾಗೆ, ಪ್ಲಾಸ್ಟಿಕ್ ಹಾಕಿ ಕೊಟ್ಟೆ.

ಉದ್ಘಾಟನೆಯ ದಿನ ಬಂತು. ಹಿಂದಿನ ದಿನವೇ ನಾನು ಮೂಡುಬಿದಿರೆಗೆ ಹೋಗಿ ಅಂಗಿ ತಂದು ಮಾವನ ಕುರ್ಚಿಯ ಮೇಲೆ ಇಟ್ಟಿದ್ದೆ. ಬೆಳಿಗ್ಗೆ, "ಪುಚ್ಚೆ, ನಾನು ಹೊರಟೆ ಅಂತ ಹೇಳು" ಎಂದೆ. ಪುಚ್ಚೆ ಮಾತ್ರ ಎದ್ದು ಬಾಗಿಲಿನವರೆಗೆ ಬಂತು. ನಿಜ ಹೇಳುತ್ತೇನೆ, ಶಾಲೆಯವರೆಗಿನ ಆ ಅರ್ಧ ಮೈಲಿಯಲ್ಲಿ ನಾಲ್ಕು ಸಲ ಹಿಂತಿರುಗಿ ನೋಡಿದೆ.

ಶಾಲೆಯಲ್ಲಿ ಕಂಡದ್ದನ್ನು ಹೇಗೆ ವರ್ಣಿಸಲಿ? ಕೆಲಸ ಮಾಡುವ ಹತ್ತು ಜನ ವೇದಿಕೆ ಏರಬೇಕಾದ್ದರಿಂದ ಕೆಲಸಕ್ಕೆ ಜನ ಇರಲಿಲ್ಲ. ಮೂರನೇ ನಂಬ್ರದ ಸಲಹೆಗಾರರು ಜರಿಪಂಚೆಯನ್ನು ಮೇಲೆ ಕಟ್ಟಿ ಸಾಂಬಾರು ತಿರುವುತ್ತಿದ್ದರು. ಏಳು ಮತ್ತು ಏಳು ಎ ಒಂದೇ ಹಂಡೆಯ ಎರಡು ಕಿವಿ ಹಿಡಿದು ಅನ್ನ ಬಸಿಯುತ್ತಿದ್ದರು. ಅವರು ಒಬ್ಬರೊಡನೊಬ್ಬರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು: "ಎತ್ತು", "ಇಳಿಸು". ಗುಲಾಬಿ ಹಸಿರು ರೇಷ್ಮೆ ಸೀರೆ ಉಟ್ಟು, ವೇದಿಕೆಗೆ ಹೋಗುವ ದಾರಿಯಲ್ಲಿ ನಿಂತು, ಉಪ್ಪು ಈಗಲೇ ಹಾಕಬೇಡಿ ಎಂದು ಸಲಹೆಗಾರರಿಗೆ ಸಲಹೆ ಕೊಡುತ್ತಿದ್ದಳು.

ಉದಯ ಮೈಕಿನಲ್ಲಿ ಹೆಸರು ಕರೆದ. ಒಬ್ಬೊಬ್ಬರ ಹೆಸರಿಗೂ ಅವನ ಧ್ವನಿ ಇನ್ನಷ್ಟು ಸಣ್ಣದಾಗುತ್ತಿತ್ತು. ಹನ್ನೆರಡು ಜನ ಕುರ್ಚಿಗಳಲ್ಲಿ ಕೂತರು. ಕೂತರು ಎನ್ನುವುದಕ್ಕಿಂತ ಕುರ್ಚಿಯ ಅಂಚನ್ನು ಮುಟ್ಟಿಕೊಂಡಿದ್ದರು ಎನ್ನಬೇಕು. ನಾನು ಶಾಲುಗಳ ಪಟ್ಟಿ ಹಿಡಿದು ಮೈಕಿನ ಪಕ್ಕದಲ್ಲಿ ನಿಂತಿದ್ದೆ. ಪ್ರಾರ್ಥನೆ ಇನ್ನೇನು ಶುರುವಾಗಬೇಕು, ಆಗ ಗೇಟಿನ ಹತ್ತಿರ ಬಿಳಿ ಅಂಗಿ ಕಂಡಿತು.

ಮಾವ ಯಾರನ್ನೂ ನೋಡದೆ, ಕೊಡೆ ಊರಿಕೊಂಡು, ಕೊನೆಯ ಸಾಲಿನ ಮೂಲೆಯ ಬೆಂಚಿಗೆ ಹೋಗುತ್ತಿದ್ದರು. ವೇದಿಕೆಯಲ್ಲಿ ಮೊದಲು ಎದ್ದವಳು ಗುಲಾಬಿ. ಅವಳ ಹಿಂದೆಯೇ ಒಂಬತ್ತು ಜನ ಎದ್ದರು. ಮೂಸಾಕ ಎದ್ದರು. ಪದ್ಮರಾಜಣ್ಣ ಆಚೀಚೆ ನೋಡಿ, ತಾನೂ ಅವರ ಶಿಷ್ಯನೇ ಎಂದು ನೆನಪಾದವರಂತೆ ಎದ್ದರು. ಹಿಂದಿನಿಂದ ಯಾರೋ, "ನಮಸ್ತೇ ಸಾರ್" ಎಂದು ರಾಗ ಎಳೆದರು. ಚಪ್ಪರವಿಡೀ ಎದ್ದು, ಅದೇ ರಾಗದಲ್ಲಿ "ನಮಸ್ತೇ ಸಾರ್" ಎಂದಿತು. ಅರವತ್ತು ದಾಟಿದ ಗಂಡಸರು, ಮೊಮ್ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಕೈಯಲ್ಲಿ ಸಟ್ಟುಗ ಹಿಡಿದ ಸಲಹೆಗಾರರು, ಎಲ್ಲರೂ.

ಮಾವ ಅಲ್ಲೇ ನಿಂತರು. ಕೈ ಎತ್ತಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ಎಲ್ಲರೂ ಕೂತರು, ಗುಲಾಬಿ ಒಬ್ಬಳನ್ನು ಬಿಟ್ಟು.

"ಕೂತ್ಕೊಳ್ಳಿ ಗುಲಾಬಿಯಕ್ಕ" ಎಂದು ಉದಯ ಮೈಕಿನಲ್ಲೇ ಹೇಳಿದ. ಅವಳು ತಲೆ ಅಲ್ಲಾಡಿಸಿದಳು. ಮೈಕ್ ಹತ್ತಿರ ಇದ್ದದ್ದರಿಂದ ಅವಳು ಮೆಲ್ಲಗೆ ಹೇಳಿದ್ದೂ ಚಪ್ಪರದ ಕೊನೆಯವರೆಗೆ ಕೇಳಿಸಿತು.

"ನಾನು ಕೂತ್ಕೊಳ್ಳುದು ಹೇಗೆ ಸಾರ್? ಮೂರನೇ ಕ್ಲಾಸಿನಲ್ಲಿ ಲೆಕ್ಕ ಬರಲಿಲ್ಲ ಅಂತ ನನ್ನನ್ನು ನಿಲ್ಲಿಸಿದ್ರಿ. ಉತ್ತರ ಹೇಳಿ ಕೂತ್ಕೋ ಅಂದ್ರಿ. ಅಷ್ಟರಲ್ಲಿ ಬೆಲ್ ಆಯ್ತು. ಮರುದಿನದಿಂದ ಅಮ್ಮ ಬೀಡಿ ಕಟ್ಟಲಿಕ್ಕೆ ಕೂರಿಸಿದ್ರು, ಶಾಲೆಗೆ ಬರಲಿಕ್ಕೆ ಆಗ್ಲಿಲ್ಲ. ನೀವು ಕೂತ್ಕೋ ಅಂತ ಹೇಳಲೇ ಇಲ್ಲ."

ಕೆಲವರು ನಕ್ಕರು. ಮಾವ ನಗಲಿಲ್ಲ. ನಡುವಿನ ದಾರಿಯಲ್ಲಿ ಕೊಡೆ ಊರುತ್ತ ನಿಧಾನವಾಗಿ ಮುಂದೆ ಬಂದರು. ವೇದಿಕೆಯ ಕೆಳಗೆ, ಅವಳ ಎದುರಿಗೆ ನಿಂತು ತಲೆ ಎತ್ತಿದರು. ಮೂಸಾಕ ತಮ್ಮ ಕುರ್ಚಿ ಬಿಟ್ಟು ಓಡಿಬಂದು, "ಮಾಸ್ಟ್ರೇ, ನೀವು ಮೇಲೆ ಬನ್ನಿ" ಎಂದು ಕೈ ಚಾಚಿದರು. ಮಾವ ಬೇಡವೆಂದು ಕೈಯಾಡಿಸಿದರು. ಹಳೆಯ ಕ್ಲಾಸಿನ ಧ್ವನಿಯಲ್ಲಿ ಕೇಳಿದರು.

"ಗುಲಾಬಿ. ಒಂದರ ನಂತರ ಎಷ್ಟು?"

ಗುಲಾಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಪದ್ಮರಾಜಣ್ಣನನ್ನು ನೋಡಿದಳು, ಮೂಸಾಕನನ್ನು ನೋಡಿದಳು.

"ಹತ್ತು, ಸಾರ್."

"ಹತ್ತರ ನಂತರ?"

"ನಾನು, ಸಾರ್."

ಮಾವ ನನ್ನ ಕಡೆ ತಿರುಗಿದರು. ಒಂಬತ್ತು ದಿನಗಳಲ್ಲಿ ಮೊದಲ ಸಲ, ನಡುವೆ ಬೆಕ್ಕಿಲ್ಲದೆ, ನನ್ನನ್ನೇ ಕೇಳಿದರು.

"ಸುಜಾತಾ, ಉತ್ತರ ಸರಿ ಉಂಟಾ?"

"ಸರಿ ಉಂಟು ಮಾವ" ಎಂದೆ.

ಅವರು ಗುಲಾಬಿಯ ಕಡೆ ತಿರುಗಿದರು. "ಹಾಗಾದ್ರೆ ಕೂತ್ಕೋ ಮಗಾ."